ಅಂಚಿನಲ್ಲೊಂದು ‘ಇರಲಿ’

ಜನವರಿ 9, ಶುಕ್ರವಾರ

ಮೂವತ್ತೊಂದು ವಾರ ತುಂಬಿತು. ದಿನ ತುಂಬುತ್ತಿರುವವಳು ದಿನಚರಿಯನ್ನೂ ತುಂಬಿಸೋಣ ಎಂದು ಈ ಪುಸ್ತಕ ತೆರೆದಿದ್ದೇನೆ. ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗೆ ಮೊದಲೇ ಇಲ್ಲ. ಈಗಂತೂ ಅಲ್ಲಿ ಜಾಗವೂ ಇಲ್ಲ.

ಇವತ್ತು ಕಚೇರಿಯಲ್ಲಿ ಪ್ರೆಷರ್ ಕುಕ್ಕರಿನ ಕೈಪಿಡಿಯ ಕರಡು ತಿದ್ದಿದೆ. ‘ಒಳಗಿನ ಒತ್ತಡ ಪೂರ್ತಿ ಇಳಿಯುವ ಮುನ್ನ ಮುಚ್ಚಳವನ್ನು ಬಲವಂತವಾಗಿ ತೆರೆಯಬಾರದು’ ಎಂಬ ಸಾಲನ್ನು ಹತ್ತು ನಿಮಿಷ ದಿಟ್ಟಿಸುತ್ತ ಕೂತಿದ್ದೆನಂತೆ. ಎದುರಿನ ಮೇಜಿನಿಂದ ದೊಡ್ಡ ಕನ್ನಡಕ ಕೇಳಿದರು, “ಏನಮ್ಮ, ತಪ್ಪಿದೆಯಾ?”

“ಇಲ್ಲ ಮೇಡಂ, ಸರಿಯಾಗಿದೆ. ಅದೇ ಭಯ.”

ಬಸುರಿಯ ನೆನಪು ಜರಡಿ ಎನ್ನುತ್ತಾರೆ. ಮುಂದೆ ನಾನೇ ಓದುವಾಗ ಇವರೆಲ್ಲ ಯಾರೆಂದು ತಬ್ಬಿಬ್ಬಾಗದಿರಲೆಂದು ಬರೆದಿಡುತ್ತೇನೆ. ದೊಡ್ಡ ಕನ್ನಡಕ ನಮ್ಮ ಮುದ್ರಣಾಲಯದ ಹಿರಿಯ ಕರಡು ತಿದ್ದುವವರು. ಅವರ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಆಚೆ ಹೋಗಿದ್ದಿಲ್ಲ. ಇವರು ಅಂದರೆ ನನ್ನ ಗಂಡ, ಗಡಿಯಾರ ರಿಪೇರಿಯ ಅಂಗಡಿ, ಊರಿನವರ ಸಮಯವೆಲ್ಲ ಸರಿಮಾಡಿ ತಾವು ಮಾತ್ರ ತಡವಾಗಿ ಬರುವವರು. ಪುರವಣಿ ಅಂದರೆ ಒಳಗಿರುವ ಕೂಸು. ಮೇಲಿನ ಮನೆಯಾಕೆಗೆ ನಾವಿಬ್ಬರೂ ಇಟ್ಟಿರುವ ಹೆಸರು ಬ್ರೇಕಿಂಗ್ ನ್ಯೂಸ್.

ಆಕೆ ಸಂಜೆ ಬಂದಿದ್ದರು. ಅವರ ಓರಗಿತ್ತಿಯ ತಂಗಿಯ ಗೆಳತಿಗೆ ಮೂವತ್ತಾರು ಗಂಟೆ ನೋವಂತೆ. “ಕಿರುಚಿದ್ದು ರಸ್ತೆವರೆಗೂ ಕೇಳಿಸ್ತಂತೆ. ಆಮೇಲೆ ಅವಳ ಧ್ವನಿ ಮೊದಲಿನ ಥರ ಬರಲೇ ಇಲ್ಲ ನೋಡು.” ಇಷ್ಟು ಹೇಳಿ, ನನ್ನ ಕಾಫಿಯನ್ನೂ ಕುಡಿದು, “ನೀನೇನೂ ಹೆದರಬೇಡ” ಎಂದು ಹೋದರು. ಒಂದು ಗಮನಿಸಿದ್ದೇನೆ: ಇಂಥ ಕಥೆಗಳ ನಾಯಕಿ ಯಾವಾಗಲೂ ಮೂರು ಸಂಬಂಧ ದೂರದವಳು. ಸಾಕ್ಷಿ ಹೇಳಲು ಬರುವುದಿಲ್ಲ.

ಆದರೆ ನನಗೆ ತೀರ ಹತ್ತಿರದ ಸಾಕ್ಷಿಯೇ ಇದೆ. ಅಮ್ಮ. “ಎರಡು ದಿನ ನೋವು ತಿಂದು ಹೆತ್ತಿದೀನಿ ನಿನ್ನ” ಎಂಬುದು ನಮ್ಮ ಮನೆಯ ಸಂವಿಧಾನ. ಲೆಕ್ಕ ಮಾಡಲಿಲ್ಲ, ಹಾಲು ಕುಡಿಯಲಿಲ್ಲ, ಈ ಗಡಿಯಾರದವರನ್ನೇ ಮದುವೆಯಾಗುತ್ತೇನೆ ಎಂದೆ. ಎಲ್ಲಕ್ಕೂ ಅದೇ ಕಲಂ ಅನ್ವಯ. ಎರಡು ದಿನ. ನಲವತ್ತೆಂಟು ಗಂಟೆ. ಒಂದು ಹಲ್ಲುನೋವಿಗೆ ಎರಡು ತಾಸು ತಡೆಯಲಾರದವಳು ನಾನು.

ಅದಕ್ಕೇ ಬುಧವಾರ ಡಾಕ್ಟರ ಹತ್ತಿರ ಕೇಳಿಯೇಬಿಟ್ಟೆ: ಆಪರೇಷನ್‌ಗೆ ಒಂದು ದಿನ ಗೊತ್ತುಮಾಡಿಬಿಡಿ ಎಂದು. ಅವರು ಚೀಟಿಯಿಂದ ತಲೆ ಎತ್ತಿದರು. “ಎಲ್ಲ ಸರಿಯಾಗಿದೆ. ಸಹಜವಾಗಿ ಆಗದಿರೋಕೆ ಸದ್ಯ ಒಂದು ಕಾರಣವೂ ಇಲ್ಲ. ಆದರೂ ಬೇಕು ಅಂದ್ರೆ ಮಾತಾಡೋಣ. ಮೂವತ್ತಾರನೇ ವಾರದಲ್ಲಿ ಬಂದು ಹೇಳಿ. ಭಯದಿಂದ ಮಾತ್ರ ಹೇಳಬೇಡಿ.”

ಫೆಬ್ರವರಿ 13. ಅಲ್ಲಿಯವರೆಗೆ ನಾನು ಭಯವನ್ನು ಬಿಟ್ಟು ಬೇರೆ ಯಾವುದಾದರೂ ಕಾರಣ ಹುಡುಕಬೇಕು. ಇಲ್ಲವೇ ಭಯವನ್ನೇ ಬಿಡಬೇಕು. ‘ಹೆದರಿಕೆ’ಯೊಳಗೆ ‘ಹೆರಿಗೆ’ ಹೆಚ್ಚುಕಡಿಮೆ ಪೂರ್ತಿ ಅಡಗಿ ಕೂತಿದೆ. ನಡುವಿನ ಒಂದು ಅಕ್ಷರ ಕಿತ್ತರೆ ಸಾಕಲ್ಲವೇ.

ಅಂಗಡಿಯಿಂದ ನೂರು ಹಾಳೆಯ ಒಂದು ನೋಟ್‌ಬುಕ್ ತರಿಸಿದೆ. ಸಲೀಸಾಗಿ, ಸಹಜವಾಗಿ ಹೆತ್ತವರ ಕಥೆಗಳನ್ನು ಮಾತ್ರ ಇದರಲ್ಲಿ ಬರೆಯುವುದು. ಊರಿನಲ್ಲಿ ಇಷ್ಟು ಜನ ಓಡಾಡುತ್ತಿದ್ದಾರೆ. ಎಲ್ಲರನ್ನೂ ಯಾರೋ ಹೆತ್ತಿರಲೇಬೇಕು.

ಜನವರಿ 12, ಸೋಮವಾರ

ಕಚೇರಿಯಲ್ಲಿ ಮಾನ ಹೋಯಿತು. ಕುಕ್ಕರಿನ ಕೈಪಿಡಿಯಲ್ಲಿ ‘ಬಿಸಿ ಆವಿಯಿಂದ ಮುಖ ಸುಡಬಹುದು’ ಎಂಬ ಸಾಲನ್ನು ನಾನು ಹೊಡೆದುಹಾಕಿದ್ದೆನಂತೆ. ಯಾವಾಗ ಹೊಡೆದೆನೋ ಗೊತ್ತಿಲ್ಲ. ದೊಡ್ಡ ಕನ್ನಡಕ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಹೊಡೆದ ಸಾಲಿನ ಕೆಳಗೆ ಒಂದೊಂದೇ ಚುಕ್ಕಿ ಇಡುತ್ತ ಹೋದರು. ನಮ್ಮ ಕಸುಬಿನ ಗುರುತು ಅದು. ಹೊಡೆದದ್ದು ತಪ್ಪಾಯಿತು ಅನಿಸಿದರೆ ಕೆಳಗೆ ಚುಕ್ಕಿ ಸಾಲು, ಅಂಚಿನಲ್ಲಿ ‘ಇರಲಿ’. ಅಷ್ಟಾದರೆ ಸತ್ತ ಸಾಲು ಎದ್ದು ಕೂರುತ್ತದೆ.

“ಯಾಕಮ್ಮ ಹೊಡೆದೆ?”

“ಓದೋಕೆ ಹಿತವಾಗಿರಲಿಲ್ಲ ಮೇಡಂ.”

“ನಿನಗೆ ಇಷ್ಟವಾಗಲಿಲ್ಲ ಅಂತ ಅದು ತಪ್ಪಾಗಲ್ಲ.”

ಮೂವತ್ತು ವರ್ಷದ ಅನುಭವ ಹಾಗೆ ಒಂದು ಸಾಲಿನಲ್ಲಿ ಬಂದು ಬಡಿಯಿತು. ಸಮಾಧಾನಕ್ಕೆಂದು ಅವರ ಹೆರಿಗೆಯ ಕಥೆ ಕೇಳಿದೆ. ಎಂಟು ಗಂಟೆ ನೋವು ತಿಂದರಂತೆ. ಆಮೇಲೆ ಕೂಸಿನ ಎದೆಬಡಿತ ಇಳಿಯಿತಂತೆ, ಆಪರೇಷನ್. “ಹತ್ತು ನಿಮಿಷದಲ್ಲಿ ಮಗನನ್ನ ತೋರಿಸಿದ್ರು. ಅವನು ಡಾಕ್ಟರ ಕೋಟಿನ ಮೇಲೆ ಸೂಸೂ ಮಾಡಿದ. ನಾನು ನಕ್ಕೆ. ಅದಕ್ಕಿಂತ ಒಳ್ಳೆ ಕಥೆ ಬೇಕಾ ನಿನಗೆ?”

ಒಳ್ಳೆಯದೇ. ಆದರೆ ನನ್ನ ನೋಟ್‌ಬುಕ್ಕಿನ ವಿಷಯ ಸಹಜ ಹೆರಿಗೆ. ಮರ್ಯಾದೆಗೆ ಕೊನೆಯ ಪುಟದಲ್ಲಿ ಬರೆದುಕೊಂಡೆ.

ಜನವರಿ 17, ಶನಿವಾರ

ಮೊದಲ ಬೇಟೆ ಸಿಕ್ಕಿತು. ಮುಂದೆ ಗುಂಡಿ ಇರುವ ಎರಡು ನೈಟಿ ಹೊಲಿಸಲು ಟೈಲರಕ್ಕನ ಬಳಿ ಹೋಗಿದ್ದೆ. ಅಳತೆ ಪಟ್ಟಿ ನನ್ನ ಸುತ್ತ ಒಂದು ಸುತ್ತು ಬಂದು ಮುಗಿದೇ ಹೋಯಿತು. “ಭೂಮಿ ಸುತ್ತಿ ಬಂದಹಾಗಾಯ್ತು” ಎಂದರು ಅಕ್ಕ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. ನಾನು ನೋಟ್‌ಬುಕ್ ತೆಗೆದೆ.

“ನನ್ನ ಎರಡನೇದು ಹುಟ್ಟಿದ ದಿನ ಹನ್ನೊಂದು ಗಂಟೆವರೆಗೂ ಮೆಷಿನ್ ಮೇಲೇ ಇದ್ದೆ ಕಣಮ್ಮ. ನೋವು ಬಂದಾಗ ಪೆಡಲ್ ನಿಲ್ಲಿಸೋದು, ಹೋದಾಗ ತುಳಿಯೋದು. ಒಂದು ಶರ್ಟು ಮುಗೀತು. ಆಸ್ಪತ್ರೆಯಲ್ಲಿ ಗೋಡೆಗೆ ಕೈಕೊಟ್ಟು ಸೊಂಟ ಆಡಿಸ್ತಾ ನಿಂತಿದ್ದೆ. ಮಲಗಿದ್ರೆ ಜಾಸ್ತಿ, ನಿಂತ್ರೆ ಕಮ್ಮಿ. ಕೊನೆಗೆ ಒಂದು ಹೊತ್ತಲ್ಲಿ, ನನ್ನ ಚಪ್ಪಲಿ ಎಲ್ಲಿ ಕೊಡಿ, ನಾನು ಮನೆಗೆ ಹೋಗ್ತೀನಿ, ಇದು ನನ್ನ ಕೈಲಿ ಆಗಲ್ಲ ಅಂದೆ. ಒಂದು ಕಾಲಿಗೆ ಹಾಕ್ಕೊಂಡೂ ಆಗಿತ್ತು. ಅಷ್ಟರಲ್ಲಿ ಮಗಳು ಬಂದಳು. ಅತ್ತೆ ಇವತ್ತಿಗೂ ಆಡ್ಕೋತಾರೆ, ಒಂಟಿ ಚಪ್ಪಲೀಲಿ ಹೆತ್ತವಳು ಅಂತ.”

ಮನೆಗೆ ಬಂದು ಚೆನ್ನಾಗಿ ಬರೆದೆ. ಮೆಷಿನ್ ಇರಲಿ, ಗೋಡೆ ಇರಲಿ. ಚಪ್ಪಲಿಯ ಸಾಲು ಮಾತ್ರ ಕಥೆಯ ಓಟಕ್ಕೆ ಅಡ್ಡ ಬರುತ್ತಿತ್ತು. ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದೆ. ಈಗ ಓದಲು ಸೊಗಸಾಗಿದೆ.

ಜನವರಿ 20, ಮಂಗಳವಾರ

ಕಾಲು ಊದಿದೆ. ನನ್ನ ಚಪ್ಪಲಿ ನನ್ನನ್ನು ಗುರುತಿಸಲಿಲ್ಲ. ಬೇರೇನೂ ಇಲ್ಲ.

ಜನವರಿ 24, ಶನಿವಾರ

ಬಸ್ಸಿನಲ್ಲಿ ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟರು. ನಲವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲಿ ಚೀಲ, ಕಿವಿಯ ಹಿಂದೆ ಪೆನ್ಸಿಲ್. “ಎಷ್ಟನೇ ತಿಂಗಳು?” ಎಂದು ಅವರೇ ಶುರುಮಾಡಿದರು. ಮುಂದಿನ ಆರು ಸ್ಟಾಪಿನಲ್ಲಿ ನನಗೆ ಒಂದು ಕಥೆ ಸಿಕ್ಕಿತು, ಇಬ್ಬರು ಟಿಕೆಟ್ ಇಲ್ಲದೆ ಇಳಿದುಹೋದರು.

“ನೋವು ಅಂದ್ರೆ ಏರು ಹತ್ತೋ ಬಸ್ಸಿನ ಥರ. ಹತ್ತುತ್ತೆ, ಹತ್ತುತ್ತೆ, ಇನ್ನು ಆಗಲ್ಲ ಅನ್ನೋವಾಗ ಇಳಿಯೋಕೆ ಶುರು. ಇಳಿಜಾರಲ್ಲಿ ನಿದ್ದೆ ಮಾಡಿಬಿಡಬೇಕು.”

“ಮಧ್ಯೆ ನಿದ್ದೆ ಬರುತ್ತಾ?”

“ಎರಡು ನಿಮಿಷದ ನಿದ್ದೆ ನಮ್ಮ ಕೆಲಸದಲ್ಲಿ ಹೊಸದಾ? ಕೊನೇ ಸ್ಟಾಪ್ ಹತ್ರ ಬಂದಾಗ ಮಾತ್ರ, ನನ್ನ ಇಲ್ಲೇ ಇಳಿಸಿಬಿಡಿ, ನಾನು ಮುಂದಕ್ಕೆ ಬರಲ್ಲ ಅಂತ ರಂಪ ಮಾಡಿದ್ದೆ. ಸೀಟೀನೂ ಹೊಡೆದೆನಂತೆ, ಬಾಯಲ್ಲೇ. ಹತ್ತು ನಿಮಿಷಕ್ಕೆ ಮಗ.”

ಏರು ಹತ್ತುವ ಬಸ್ಸು ಅಂದವಾಗಿದೆ, ಉಳಿಸಿಕೊಂಡೆ. ‘ಇಲ್ಲೇ ಇಳಿಸಿ’ಯನ್ನು ಇಳಿಸಿಬಿಟ್ಟೆ.

ಇವರು ಸಂಜೆ ನೋಟ್‌ಬುಕ್ ತಿರುವಿ, “ಎಲ್ಲರೂ ಎಷ್ಟು ಚೆನ್ನಾಗಿ ಹೆತ್ತಿದ್ದಾರಲ್ಲೇ, ಹಾಲು ಉಕ್ಕಿದ ಹಾಗೆ” ಎಂದರು. ಹೌದು. ಆದರೆ ಒಂದು ವಿಚಿತ್ರ. ಎಷ್ಟು ಸಲ ಓದಿದರೂ ಅದು ನನ್ನನ್ನು ತಟ್ಟುತ್ತಿಲ್ಲ. ಇವರೆಲ್ಲ ನನಗಿಂತ ಗಟ್ಟಿ ಮಣ್ಣಿನಲ್ಲಿ ಮಾಡಿದವರು ಅನಿಸುತ್ತದೆ. ಟೈಲರಕ್ಕ, ಕಂಡಕ್ಟರ್, ಕೆಳಗಿನ ರಸ್ತೆಯ ಮೇಷ್ಟ್ರಮ್ಮ, ಒಬ್ಬರಿಗೂ ಒಂದು ಕ್ಷಣ ಕೈಕಾಲು ಬಿಟ್ಟುಹೋಗಿಲ್ಲ. ನನಗೆ ಓದಿದರೇ ಬಿಟ್ಟುಹೋಗುತ್ತದೆ.

ಜನವರಿ 30, ಶುಕ್ರವಾರ

ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ನಾನು ಹುಟ್ಟಿದ್ದು ಹೇಗೆ, ಒಂದು ಸಲ ಪೂರ್ತಿ ಹೇಳು.”

“ಅದೆಲ್ಲ ಈಗ್ಯಾಕೆ?”

“ಎರಡು ದಿನ ಅಂದ್ರೆ, ಎರಡೂ ದಿನ ಒಂದೇ ಸಮ ನೋವಾ?”

“ಒಲೆ ಮೇಲೆ ಏನೋ ಇಟ್ಟಿದ್ದೀನಿ ಕಣೆ. ಎಂಟನೇ ತಾರೀಕು ಅಲ್ಲಿಗೇ ಬರ್ತೀನಲ್ಲ, ಆಗ ನೋಡೋಣ.” ಇಟ್ಟೇಬಿಟ್ಟಳು.

ಇಷ್ಟು ವರ್ಷ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದವಳು, ಕೇಳಿದರೆ ಬಾಯಿಗೆ ಬೀಗ. ಅಷ್ಟು ಕೆಟ್ಟದಾಗಿತ್ತೇನೋ. ಮಗಳಿಗೆ ಹೇಳಲಾಗದಷ್ಟು. ಹದಿಮೂರಕ್ಕೆ ಡಾಕ್ಟರಿಗೆ ಏನು ಹೇಳಬೇಕೆಂದು ನನಗೆ ಈಗ ಗೊತ್ತಾದಂತಿದೆ.

ಫೆಬ್ರವರಿ 5, ಗುರುವಾರ

ಬರೆಯಬೇಕಾದ್ದು ಬಹಳ ಇದೆ. ನಗು ಇನ್ನೂ ನಿಂತಿಲ್ಲ.

ಆಸ್ಪತ್ರೆಯಲ್ಲಿ ಗುರುವಾರ ಮಧ್ಯಾಹ್ನ ದಿನ ತುಂಬುತ್ತಿರುವವರಿಗೆ ಒಂದು ತರಗತಿ ನಡೆಯುತ್ತದೆ. ನಡೆಸುವವರು ಹೆರಿಗೆ ಕೋಣೆಯ ಹಿರಿಯ ನರ್ಸ್. ಎರಡು ಮಾತಿಗೊಮ್ಮೆ ‘ಉಸಿರು’ ಅನ್ನುವುದರಿಂದ ಬಸುರಿಯರೆಲ್ಲ ಸೇರಿ ಅವರಿಗೆ ಉಸಿರು ಸಿಸ್ಟರ್ ಎಂದು ಹೆಸರಿಟ್ಟಿದ್ದೇವೆ. ತರಗತಿ ಮುಗಿದ ಮೇಲೆ ಚಾಪೆ ಮಡಿಸುತ್ತ ಅವರು ನನ್ನ ನೋಟ್‌ಬುಕ್ ಕೇಳಿದರು. ಹೆಮ್ಮೆಯಿಂದಲೇ ಕೊಟ್ಟೆ. ಒಂಬತ್ತು ಕಥೆ ಆಗಿದ್ದವು.

“ಇದೇನಮ್ಮ, ಮೈಯೆಲ್ಲ ಕೆಂಪು ಗೀರು?”

“ನಾನು ಕರಡು ತಿದ್ದುವವಳು ಸಿಸ್ಟರ್. ಬೇಡದ್ದನ್ನ ತೆಗೆದಿದ್ದೀನಿ.”

ನಮ್ಮ ಗೆರೆ ತೆಳ್ಳಗಿರುತ್ತದೆ. ಹೊಡೆದದ್ದು ಏನೆಂದು ಕಾಣಬೇಕು, ಅದು ಕಸುಬಿನ ನಿಯಮ. ಸಿಸ್ಟರ್ ಕನ್ನಡಕ ಏರಿಸಿಕೊಂಡು, ಉಳಿದದ್ದನ್ನೆಲ್ಲ ಬಿಟ್ಟು, ಹೊಡೆದ ಸಾಲುಗಳನ್ನಷ್ಟೇ ಒಂದಾದ ಮೇಲೊಂದು ಗಟ್ಟಿಯಾಗಿ ಓದತೊಡಗಿದರು.

“ನನ್ನ ಚಪ್ಪಲಿ ಕೊಡಿ, ನಾನು ಮನೆಗೆ ಹೋಗ್ತೀನಿ. ಇಲ್ಲೇ ಇಳಿಸಿಬಿಡಿ, ಮುಂದಕ್ಕೆ ಬರಲ್ಲ. ಇವತ್ತು ರಜೆ ಚೀಟಿ ಬರೆದುಕೊಡ್ತೀನಿ, ಬೇರೆಯವರನ್ನ ಕರೀರಿ. ಇದು ಯಾರದು?”

“ಮೇಷ್ಟ್ರಮ್ಮಂದು.”

ಸಿಸ್ಟರ್ ಚಾಪೆಯ ಮೇಲೇ ಕುಸಿದು ಕೂತು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇಪ್ಪತ್ತೆರಡು ವರ್ಷದಿಂದ ಆ ಕೋಣೇಲಿದ್ದೀನಿ. ನಾವು ಕಾಯ್ತಾ ಇರೋದೇ ಈ ಮಾತಿಗೆ ಕಣಮ್ಮ. ‘ನನ್ನ ಕೈಲಿ ಆಗಲ್ಲ’ ಅಂತ ಬಹಳಷ್ಟು ಜನ ಹೇಳೋದು ಮುಕ್ಕಾಲು ದಾರಿ ಮುಗಿದು, ಮಗು ಇನ್ನೇನು ಬಂತು ಅನ್ನೋ ಹೊತ್ತಲ್ಲೇ. ಆ ಮಾತು ಕಿವಿಗೆ ಬಿದ್ರೆ ನಾನು ಗ್ಲೌಸ್ ಹುಡುಕ್ತೀನಿ. ಊರು ಬಂತು ಅನ್ನೋ ಬೋರ್ಡು ಅದು. ನೀನು ಒಂಬತ್ತು ಕಥೇಲಿ ಏಳು ಬೋರ್ಡು ಕಿತ್ತುಹಾಕಿದ್ದೀಯ.”

“ಎಲ್ಲರೂ ಹೇಳ್ತಾರಾ?”

“ಎಲ್ಲರೂ ಅಲ್ಲ. ಕೆಲವರು ಗಂಡನಿಗೆ ಬಯ್ತಾರೆ. ಅರ್ಥ ಅದೇ.” ಪುಸ್ತಕ ನನ್ನ ಕೈಗಿಟ್ಟರು. “ಹೇಳಿದಾಗ ಯಾರೂ ಸೋತಿರಲ್ಲ. ಹೇಳ್ತಾ ಹೇಳ್ತಾನೇ ಮಾಡ್ತಿರ್ತಾರೆ. ಈ ಟೈಲರಮ್ಮ ಚಪ್ಪಲಿ ಹಾಕ್ಕೊಂಡೇ ಹೆತ್ತಳಲ್ಲ, ಅದೇ ಧೈರ್ಯ. ಅದನ್ನೇ ಹೊಡೆದುಬಿಟ್ಯಲ್ಲೇ ಹುಡುಗಿ.”

ಮನೆಗೆ ಬರುವಾಗ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ. ಯೋಚಿಸುತ್ತಿದ್ದೆ.

ಫೆಬ್ರವರಿ 6, ಶುಕ್ರವಾರ

ಊಟದ ಬಿಡುವಿನಲ್ಲಿ ಏಳೂ ಸಾಲಿನ ಕೆಳಗೆ ಚುಕ್ಕಿ ಇಟ್ಟೆ. ಏಳೂ ಅಂಚಿನಲ್ಲಿ ‘ಇರಲಿ’. ದೊಡ್ಡ ಕನ್ನಡಕ ಇಣುಕಿ ನೋಡಿ ತಮ್ಮ ಡಬ್ಬಿಯಿಂದ ಒಂದು ಕಿತ್ತಳೆ ತೆಗೆದುಕೊಟ್ಟರು. ಅವರ ಕಥೆಯನ್ನು ಕೊನೆಯ ಪುಟದಿಂದ ಎಬ್ಬಿಸಿ ಎಲ್ಲರ ಜೊತೆ ಸಾಲಿಗೆ ಕೂರಿಸಿದೆ. ಕೋಟು ತೋಯ್ದ ಡಾಕ್ಟರೂ ಬಂದರು.

ಈಗ ಕಥೆಗಳು ಮೊದಲಿನಷ್ಟು ಸೊಗಸಾಗಿಲ್ಲ. ಮೂರು ಸಲ ಓದಿದೆ.

ಫೆಬ್ರವರಿ 10, ಮಂಗಳವಾರ

ಅಮ್ಮ ಬಂದು ಎರಡು ದಿನವಾಯಿತು. (ಈ ಎರಡು ದಿನ ನಿಜವಾದ ಎರಡು ದಿನ.) ಸಂಜೆ ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ದಿಂಬಿಗೆ ಒರಗಿ ನೋಟ್‌ಬುಕ್ ಓದಿ ಹೇಳುತ್ತಿದ್ದೆ. ಟೈಲರಕ್ಕನ ಚಪ್ಪಲಿ ಬಂದಾಗ ಅಮ್ಮ ಫಕ್ಕನೆ ನಕ್ಕಳು.

“ನಾನೂ ಅಷ್ಟೇ. ನಾಳೆ ಹೆರ್ತೀನಿ, ಇವತ್ತು ಬೇಡ ಅಂತ ನರ್ಸ್ ಹತ್ರ ಜಗಳಕ್ಕೆ ನಿಂತಿದ್ದೆ.”

“ಯಾವ ದಿನ? ಮೊದಲನೇ ದಿನನಾ, ಎರಡನೇ ದಿನನಾ?”

ಈಳಿಗೆಯ ಮೇಲೆ ಅವಳ ಕೈ ನಿಂತಿತು. “ಅದೂ...” ಅಂದಳು. ಒಂದು ಹುರುಳಿಕಾಯಿಯ ನಾರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಿಡಿಸಿದಳು. “ಎರಡು ದಿನ ಅನ್ನೋದು ಮೊದಲನೇ ಚುಳುಕಿನಿಂದ ಹಿಡಿದ ಲೆಕ್ಕ ಕಣೆ.”

“ಅಂದ್ರೆ?”

“ಗುರುವಾರ ಬೆಳಿಗ್ಗೆ ಸಣ್ಣಗೆ ಚುಳುಕ್ ಅಂತು. ಬಟ್ಟೆ ಒಗೆದೆ. ಮಧ್ಯಾಹ್ನ ಇನ್ನೊಂದು ಸಲ ಅಂತು. ಮುಂದಿನ ಕೋಣೆಗೆ ಪರದೆ ಹೊಲಿಯೋದು ಬಾಕಿ ಇತ್ತಲ್ಲ, ಹೊಲಿದೆ. ರಾತ್ರಿ ಚೆನ್ನಾಗಿ ಉಂಡು ಮಲಗಿದೆ. ಶುಕ್ರವಾರ ಪರದೆ ಹಾಕಿದ್ದು ಸೊಟ್ಟ ಅನ್ನಿಸ್ತು, ಬಿಚ್ಚಿ ಮತ್ತೆ ಹೊಲಿದೆ. ಸಂಜೆ ನಾಲ್ಕಕ್ಕೆ ಜೋರಾಯ್ತು, ಆಸ್ಪತ್ರೆಗೆ ಹೋದ್ವಿ. ಎಂಟೂವರೆಗೆ ನೀನು.”

“ನಾಲ್ಕು ಗಂಟೆ?”

“ನಾಲ್ಕೂವರೆ.” ಆ ಅರ್ಧ ಗಂಟೆಯನ್ನು ಅವಳು ಬಿಟ್ಟುಕೊಡಲಿಲ್ಲ.

“ಅಮ್ಮ, ನಾನು ಇಷ್ಟು ವರ್ಷ ನಲವತ್ತೆಂಟು ಗಂಟೆ ಅಂದ್ಕೊಂಡಿದ್ದೆ. ಹಾಲು ಕುಡಿದೆ. ಲೆಕ್ಕ ಮಾಡಿದೆ.”

“ಅದೇ ಮತ್ತೆ. ನಿನಗೆ ಎಂಟು ವರ್ಷ, ಲೆಕ್ಕ ಮಾಡಲ್ಲ ಅಂತ ನೆಲಕ್ಕೆ ಬಿದ್ದು ಹಠ. ಬಾಯಿಗೆ ಬಂತು, ಅಂದೆ. ನೀನು ಎದ್ದು ಕೂತು ಹದಿನೈದು ಭಾಗಾಕಾರ ಮಾಡಿದೆ. ಅಷ್ಟು ಚೆನ್ನಾಗಿ ಕೆಲಸ ಮಾಡೋ ಮಾತನ್ನ ಯಾರಾದ್ರೂ ಬಿಡ್ತಾರಾ?”

ಹುರುಳಿಕಾಯಿಯ ತಟ್ಟೆ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನನ್ನ ಊದಿದ ಕಾಲನ್ನು ತೊಡೆಯ ಮೇಲೆಳೆದುಕೊಂಡಳು. ಸ್ವಲ್ಪ ಹೊತ್ತು ಒತ್ತುತ್ತಿದ್ದಳು.

“ನೀನು ಅದನ್ನೇ ಹಿಡ್ಕೊಂಡು ಹೆದರ್ತಿದ್ದೀಯ ಅಂತ ಅಳಿಯಂದ್ರು ಫೋನಲ್ಲಿ ಹೇಳೋವರೆಗೂ ನನಗೆ ಗೊತ್ತಿರಲಿಲ್ಲ ಕಣೆ. ಗೊತ್ತಾದ ಮೇಲೆ ಯಾವ ಮುಖ ಇಟ್ಕೊಂಡು ಹೇಳಲಿ. ಆ ನಾಲ್ಕೂವರೆ ಗಂಟೆ ಸುಳ್ಳಲ್ಲ, ಜೋರಾಗೇ ಇತ್ತು. ಆದರೆ ಮುಗೀತು. ಮುಗಿದ ಮೇಲೆ ನನಗೆ ನೆನಪಿದ್ದದ್ದು ಹಸಿವು. ಎರಡು ತಟ್ಟೆ ಅನ್ನ ತಿಂದೆ.”

ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಾನು ಇಲಿಗೆ ಹೆದರಿ ಗುಡ್ಡವನ್ನೇ ಕಟ್ಟಿಕೊಂಡಿದ್ದೆ. ಸಿಟ್ಟು ಬರಬೇಕಿತ್ತು. ಹಸಿವಾಯಿತು.

ಫೆಬ್ರವರಿ 13, ಶುಕ್ರವಾರ

ಮೂವತ್ತಾರು ವಾರ. ಡಾಕ್ಟರು ಕೇಳಿದರು, “ಏನು ತೀರ್ಮಾನ?”

“ದಿನ ಗೊತ್ತುಮಾಡೋದು ಬೇಡ. ಪುರವಣಿ ಯಾವತ್ತು ಬರುತ್ತೋ ಬರಲಿ. ಆಪರೇಷನ್ ಬೇಕಾಗಿ ಬಂದ್ರೆ ನೀವು ಹೇಳಿ, ಆಗ ಮಾಡಿಸ್ಕೋತೀನಿ. ಹಳೇ ಕೋಟು ಹಾಕ್ಕೊಂಡು ಬನ್ನಿ.”

ಕೋಟಿನ ಮಾತು ಅವರಿಗೆ ಅರ್ಥವಾಗಲಿಲ್ಲ. ಚೀಟಿಯಲ್ಲಿ ಏನೋ ಬರೆದರು.

ಮಾರ್ಚ್ 3, ಮಂಗಳವಾರ

ಬ್ರೇಕಿಂಗ್ ನ್ಯೂಸ್ ಬಂದಿದ್ದರು. ಅವರ ಭಾವನ ಕಚೇರಿಯಲ್ಲಿ ಯಾರಿಗೋ ಏನೋ ಆಯಿತಂತೆ. ನಡುವೆ ಕೇಳಿದೆ, “ಆಂಟಿ, ನಿಮ್ಮದು ಹೇಗಾಯ್ತು?”

“ನಂದಾ?” ಯಾರೂ ಈವರೆಗೆ ಕೇಳಿಯೇ ಇಲ್ಲ ಎಂಬಂತೆ ನೋಡಿದರು. “ನಂದು ಮೂರೂ ಸಲೀಸು. ಮೂರನೇದಕ್ಕೆ ಆಟೋದವನಿಗೆ ದಾರಿ ಹೇಳ್ತಾ ಹೋಗಿದ್ದೆ. ಅದರಲ್ಲಿ ಹೇಳೋಕೆ ಏನಿದೆ?”

ಅಷ್ಟೇ ವಿಷಯ. ಸಲೀಸಾಗಿ ಆದದ್ದರಲ್ಲಿ ಹೇಳಲು ಏನಿದೆ ಎಂದು ಊರೆಲ್ಲ ಸುಮ್ಮನಿದೆ. ನೋಟ್‌ಬುಕ್ ತೆಗೆದೆ. ಕಾಫಿ ಎರಡು ಸಲ ಮಾಡಬೇಕಾಯಿತು. ಹೋಗುವಾಗ ಆಕೆ ಮೆಟ್ಟಿಲ ಮೇಲೆ ನಿಂತು, “ಆ ಆಟೋ ಡ್ರೈವರ್ ಪಾಪ ಮೀಟರ್ ಹಾಕೋದೇ ಮರೆತಿದ್ದ, ಅದನ್ನೂ ಬರಿ” ಎಂದರು. ಇವತ್ತು ಅವರು ಹೋದ ಮೇಲೆ ನನಗೆ ಚೆನ್ನಾಗಿ ನಿದ್ದೆ ಬಂತು.

ಮಾರ್ಚ್ 11, ಬುಧವಾರ

ಬೆಳಿಗ್ಗೆ 6.20. ಚುಳುಕ್ ಅಂತು. ಅಮ್ಮನ ಭಾಷೆಯಲ್ಲಿ ಮೊದಲನೇ ದಿನ ಆರಂಭ.

8.00. ಇನ್ನೆರಡು ಸಲ. ತಲೆಗೆ ಸ್ನಾನ ಮಾಡಿದೆ. ಇವರು ಅಂಗಡಿಯಿಂದ ಮೂರು ಗಡಿಯಾರ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾರೆ. ಮೂರೂ ಮೂರು ಸಮಯ ತೋರಿಸುತ್ತಿವೆ. ಸರಾಸರಿ ತೆಗೆಯುತ್ತಾರಂತೆ.

9.45. ಹತ್ತು ನಿಮಿಷಕ್ಕೊಮ್ಮೆ. ಹೊಲಿಯಲು ಪರದೆ ಇಲ್ಲ. ಬಾಕಿ ಇದ್ದ ಎರಡು ಪುಟ ರೈಲ್ವೆ ವೇಳಾಪಟ್ಟಿಯ ಕರಡು ಮುಗಿಸಿದೆ. ಅಮ್ಮ ಇಣುಕಿ ಎರಡು ತಪ್ಪು ತೋರಿಸಿದಳು.

11.30. ಏರು. ಬಸ್ಸು. ಉಸಿರು. ಗೋಡೆಗೆ ಕೈ ಕೊಟ್ಟರೆ ನಿಜಕ್ಕೂ ಕಮ್ಮಿ. ಟೈಲರಕ್ಕನಿಗೆ ಜಯವಾಗಲಿ.

12.10. ಹೊರಟೆವು. ಚಪ್ಪಲಿ ಎರಡೂ ಹಾಕಿಕೊಂಡಿದ್ದೇನೆ.

ಮಾರ್ಚ್ 13, ಶುಕ್ರವಾರ

ಕಿಟಕಿಯ ಪಕ್ಕದ ಮಂಚ. ಪುರವಣಿ ನನ್ನ ಎಡಗೈಯಲ್ಲಿ ಮಲಗಿದ್ದಾಳೆ. ಬಲಗೈ ಖಾಲಿ ಇದೆ. ನನ್ನ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅದಕ್ಕೆ ಮೊದಲು ಇಲ್ಲಿ.

ನೋವಾಯಿತು. ಅದನ್ನು ಹೊಡೆಯುವುದಿಲ್ಲ. ಕಂಡಕ್ಟರು ಹೇಳಿದ ಏರು ಸಾಮಾನ್ಯದ್ದಲ್ಲ. ಆದರೆ ಇಳಿಜಾರೂ ಅವರು ಹೇಳಿದಷ್ಟೇ ಉದ್ದವಿತ್ತು, ನಿಜವಾಗಿಯೂ ಎರಡೆರಡು ನಿಮಿಷ ನಿದ್ದೆ ಮಾಡಿದೆ, ಕನಸೂ ಬಿತ್ತು. ಹೆರಿಗೆ ಕೋಣೆಯ ಗೋಡೆ ಗಡಿಯಾರ ನಿಂತುಹೋಗಿತ್ತು. ನಾನು ಇವರ ಕೈ ಬಿಟ್ಟ ಒಂದು ಗಳಿಗೆಯಲ್ಲಿ ಇವರು ಸ್ಟೂಲು ಹತ್ತಿ ಅದನ್ನು ಬಿಚ್ಚಿಬಿಟ್ಟಿದ್ದರು. “ಇಲ್ಲಿ ಹೆರೋರು ಒಬ್ಬರು, ಬಿಚ್ಚೋರು ಇನ್ನೊಬ್ಬರಾ? ಇಳೀರಿ ಕೆಳಗೆ” ಎಂದು ಉಸಿರು ಸಿಸ್ಟರ್ ಗದರಿದರು. ಇವರು ಇಳಿದರು. ಆದರೆ ಅಷ್ಟರಲ್ಲಿ ಗಡಿಯಾರ ನಡೆಯುತ್ತಿತ್ತು.

ನಾಲ್ಕೂವರೆ ದಾಟಿರಬೇಕು. ಏರಿನ ಮೇಲೆ ಏರು, ಇಳಿಜಾರೇ ಇಲ್ಲ. ಅಮ್ಮ ಬೆನ್ನು ಉಜ್ಜುತ್ತಿದ್ದಳು. ನಾನು ಮಂಚದ ಸರಳು ಬಿಟ್ಟು ನೆಟ್ಟಗೆ ನಿಂತು, ತುಂಬ ಸಭ್ಯವಾಗಿ ಹೇಳಿದೆನಂತೆ:

“ಸಿಸ್ಟರ್, ಕಚೇರಿಯಲ್ಲಿ ಕರಡು ಬಾಕಿ ಇದೆ. ನಾನು ಹೊರಡ್ತೀನಿ. ಇದು ನನ್ನ ಕೈಲಿ ಆಗಲ್ಲ.”

ಆ ಮಾತು ನನ್ನದೇ ಕಿವಿಗೆ ಬಿತ್ತು, ಕೆಂಪು ಗೆರೆ, ಕೆಳಗೆ ಚುಕ್ಕಿ, ಎಲ್ಲ ಸಮೇತ. ಸಿಸ್ಟರ್ ನನ್ನನ್ನು ನೋಡಿದರು. ನಾನು ಸಿಸ್ಟರನ್ನು ನೋಡಿದೆ.

“ಗ್ಲೌಸ್ ಕೊಡಿ” ಎಂದರು ಅವರು ಹಿಂದೆ ತಿರುಗಿ.

ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಇವರು ‘ನಕ್ಕೆ’ ಅನ್ನುತ್ತಾರೆ, ಅಮ್ಮ ‘ಅತ್ತೆ’ ಅನ್ನುತ್ತಾಳೆ. ಎದೆಯ ಮೇಲಿಂದ ಯಾರೋ ಕುಕ್ಕರಿನ ಸೀಟಿ ಎತ್ತಿದಂತೆ ಏನೋ ಸುಯ್ಯೆಂದು ಇಳಿದುಹೋಯಿತು. ಊರು ಬಂದಿತ್ತು. ಬೋರ್ಡು ನಾನೇ ಓದಿದ್ದೆ. ಆಮೇಲಿನ ಅರ್ಧ ಗಂಟೆ ಕೆಲಸದ್ದು, ಜೀವಮಾನದಲ್ಲೇ ಅಷ್ಟು ಕೆಲಸ ಮಾಡಿಲ್ಲ, ಆದರೆ ಹೆದರಲು ಬಿಡುವಿರಲಿಲ್ಲ. ಇವರು ರಿಪೇರಿ ಮಾಡಿದ ಗಡಿಯಾರದಲ್ಲಿ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಪುರವಣಿ ಪ್ರಕಟವಾಯಿತು. ಅಂಗಡಿಯ ಮೂರು ಗಡಿಯಾರಗಳ ಪೈಕಿ ಒಂದೂ ಒಪ್ಪಲಿಲ್ಲ.

ಆಮೇಲೆ ಹಸಿವು. ಎರಡು ತಟ್ಟೆ. ವಂಶವಾಹಿನಿ.

ಈಗ ನೋಟ್‌ಬುಕ್ ತೆರೆದು ಮೊದಲ ಸಾಲು ಬರೆದೆ: ‘ನನ್ನ ಮಗಳು ಹುಟ್ಟಿದ್ದು ಹನ್ನೊಂದು ಗಂಟೆಯಲ್ಲಿ.’ ಹೆಗಲ ಮೇಲಿಂದ ಅಮ್ಮ ಇಣುಕಿದಳು.

“ಹನ್ನೊಂದು ಗಂಟೆ ಅಂತ ಬರೆದಿಟ್ಯಾ? ಪೆದ್ದಿ. ನಾಳೆ ಇವಳು ನೆಲಕ್ಕೆ ಬಿದ್ದು ಲೆಕ್ಕ ಮಾಡಲ್ಲ ಅಂದ್ರೆ ಏನು ಹೇಳ್ತೀಯ?” ಕೈಯಿಂದ ಕೆಂಪು ಪೆನ್ನು ಕಿತ್ತುಕೊಂಡು, ನನ್ನ ಹನ್ನೊಂದು ಗಂಟೆಯ ಮೇಲೆ ಗೆರೆ ಎಳೆದು, ಮೇಲೆ ತನ್ನ ದುಂಡಗಿನ ಅಕ್ಷರದಲ್ಲಿ ‘ಎರಡು ದಿನ’ ಎಂದು ಬರೆದು, ತೃಪ್ತಿಯಿಂದ ಫ್ಲಾಸ್ಕು ತೊಳೆಯಲು ಹೋದಳು.

ಹನ್ನೊಂದು ಗಂಟೆಯ ಕೆಳಗೆ ಚುಕ್ಕಿ ಇಟ್ಟೆ. ಅಂಚಿನಲ್ಲಿ ‘ಇರಲಿ’ ಎಂದು ಬರೆದೆ. ಅಮ್ಮನ ಎರಡು ದಿನವನ್ನು ಹೊಡೆಯಲು ಪೆನ್ನು ಎತ್ತಿದೆ. ಅಷ್ಟರಲ್ಲಿ ಪುರವಣಿ ಎದ್ದು, ಮುಖ ಕೆಂಪು ಮಾಡಿಕೊಂಡು, ಎರಡೂ ಮುಷ್ಟಿ ಬಿಗಿದು, ಹಾಲು ಬೇಡವೆಂದು ಹಠ ಹಿಡಿದಳು.

ಅದೂ ಇರಲಿ.